ಕಾರಣ ತಿಳಿಯುವವರೆಗೆ

ಬಸವಾದಿ ಶರಣರು ಶರೀರವನ್ನು ತುಚ್ಛವೆಂದು ತಳ್ಳಿದವರಲ್ಲ. ಶರೀರವನ್ನೇ ಶಿವಾಲಯವಾಗಿ ಕಂಡ ಬಸವಣ್ಣನವರ ನಿಲುವು ಸರ್ವವಿದಿತ. ಆದರೆ ಆ ಆಲಯದ ಗೋಡೆಯೇ ಹಗಲಿರುಳು ಉರಿಯತೊಡಗಿದರೆ ಭಕ್ತನು ಏನು ಮಾಡಬೇಕು? ಶ್ರೀಮಠದ ಹಿರಿಯ ಭಕ್ತರೊಬ್ಬರಿಗೆ ಈ ಪ್ರಶ್ನೆ ಎದುರಾಗಿದೆ.

ಅವರು ನಿವೃತ್ತ ಶಾಲಾ ಶಿಕ್ಷಕರು. ಬೆಳಗ್ಗೆ ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗಪೂಜೆ. ಬಳಿಕ ಹೊಲದಲ್ಲಿ ಕಳೆ ಕೀಳುವ ಕಾಯಕ. ಈ ಮಳೆಗಾಲದ ಕೊನೆಗೆ ಅವರ ಕೊರಳು, ಹಣೆ, ಮೊಣಕೈ ಮಡಿಕೆಗಳಲ್ಲಿ ಕೆಂಪು ದದ್ದುಗಳೆದ್ದವು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ನವೆಯು ನಿದ್ರೆಯನ್ನೇ ಕಸಿಯುತ್ತಿತ್ತು. ತುರಿಕೆಯ ಸ್ವಭಾವವೇ ವಿಚಿತ್ರ. ಮನಸ್ಸು ಬೇಡವೆನ್ನುವ ಮೊದಲೇ ಕೈ ಅಲ್ಲಿಗೆ ಹೋಗಿರುತ್ತದೆ. ತುರಿಸಿದಷ್ಟೂ ಚರ್ಮ ಕೆರಳುತ್ತದೆ, ಕೆರಳಿದಷ್ಟೂ ತುರಿಕೆ ಹೆಚ್ಚುತ್ತದೆ. ದಾಸೋಹದ ಪಂಕ್ತಿಯಲ್ಲಿ ಪಕ್ಕದವರು ತುಸು ಸರಿದು ಕುಳಿತುದು ಅವರನ್ನು ಇನ್ನಷ್ಟು ನೋಯಿಸಿತು.

"ಮೇಷ್ಟ್ರೇ, ಇದು ನಾಗದೋಷ. ಶಾಂತಿ ಮಾಡಿಸದೆ ಹೋಗುವುದಿಲ್ಲ" ಎಂದರು ನೆರೆಯವರೊಬ್ಬರು. ಕಲ್ಲಿನ ನಾಗನಿಗೊಂದು, ಜೀವಂತ ನಾಗನಿಗೊಂದು ನೀತಿಯನ್ನು ಬಸವಣ್ಣನವರು ಪ್ರಶ್ನಿಸಿದ ಬಗೆಯನ್ನು ವರುಷಗಟ್ಟಲೆ ಮಕ್ಕಳಿಗೆ ಬೋಧಿಸಿದವರು ಅವರು. ಆದರೂ ನಿದ್ರೆಗೆಟ್ಟ ಮೂರನೆಯ ವಾರದಲ್ಲಿ ಅವರ ಮನಸ್ಸು ಒಂದು ಕ್ಷಣ ಅತ್ತ ವಾಲಿತು.

ಚರ್ಮರೋಗ ವೈದ್ಯರು ಶಾಂತಿಯನ್ನು ಹೇಳಲಿಲ್ಲ, ಸಂಶಯಗಳನ್ನು ಹೇಳಿದರು. ಹೊಲದ ಬದುವಿನ ಪಾರ್ಥೇನಿಯಂ ಕಳೆ, ಶಿವದಾರದ ಬಣ್ಣ, ಕರಡಿಗೆಯ ಲೋಹ, ಅಂಗಡಿಯ ವಿಭೂತಿಗೆ ಬೆರೆಸಿರಬಹುದಾದ ಸುಗಂಧ: ಇವುಗಳಲ್ಲಿ ಯಾವುದೂ ಇರಬಹುದು, ಪರೀಕ್ಷೆಯಾಗುವವರೆಗೆ ಒಂದೂ ಮೈಗೆ ತಾಗಬಾರದು. ಈ ಮಾತು ಶಿಕ್ಷಕರ ಎದೆಗೆ ನಾಟಿತು. ನಾಗದೋಷವನ್ನು ತಳ್ಳಿಹಾಕಬಹುದು, ದೀಕ್ಷೆಯಂದಿನಿಂದ ಅಗಲದ ಲಿಂಗದ ದಾರವೇ ಕಾರಣವಾದರೆ?

ಅವರು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡರು. "ದಾರ ಬದಲಾದರೆ ಲಿಂಗ ಬದಲಾಗದು. ಬಣ್ಣವಿಲ್ಲದ ಹತ್ತಿಯ ವಸ್ತ್ರದಲ್ಲಿಟ್ಟು ಅಂಗಿಯ ಮೇಲೆ ಧರಿಸಿರಿ. ವೈದ್ಯರ ಮಾತು ನಡೆಸುವುದೂ ಪೂಜೆಯೇ" ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು.

ಬೆನ್ನಿಗೆ ಪರೀಕ್ಷೆಯ ಪಟ್ಟಿಗಳನ್ನು ಅಂಟಿಸಲಾಯಿತು. 48 ಗಂಟೆ ಅವುಗಳನ್ನು ತೆಗೆಯುವಂತಿಲ್ಲ, ನೀರು ಸೋಕಿಸುವಂತಿಲ್ಲ. ತೆಗೆದ ಬಳಿಕವೂ ಎರಡು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು. ಕೈಕಾಲು ಮುಖ ತೊಳೆದು, ಸ್ನಾನವಿಲ್ಲದೆಯೇ ಅವರು ಪೂಜೆಗೆ ಕುಳಿತರು. ಉಗುರು ಕತ್ತರಿಸಿಕೊಂಡರು, ನವೆ ಏರಿದಾಗ ಮೊಣಕೈಗೆ ತಣ್ಣೀರಿನ ಬಟ್ಟೆಯಿಟ್ಟರು. ಒಂದು ಸಂಗತಿ ಅವರಿಗೆ ಹೊಳೆಯಿತು: ಅಂಗೈಯಲ್ಲಿ ಲಿಂಗವಿರುವಷ್ಟು ಹೊತ್ತು ಆ ಕೈ ತುರಿಸಲು ಹೋಗುವುದಿಲ್ಲ. ಆ ಹೊತ್ತನ್ನು ಅವರು ದಿನಕ್ಕಿಷ್ಟು ಹೆಚ್ಚಿಸುತ್ತ ಬಂದರು.

ಶರಣಗಣದಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವೇ ಅವರ ಕಾಯಕ. ರೋಗ, ಚಿಕಿತ್ಸೆಗಳ ನುಡಿಯಲ್ಲಿಯೇ ಅವರು ಅನುಭಾವವನ್ನು ಹೇಳಿದರು. ರೋಗವನ್ನು ಅರಿಯುವ ಕಾಯಕವನ್ನು ಶರಣಧರ್ಮ ಹೊರಗಿಡಲಿಲ್ಲ. ಕಾರಣ ತಿಳಿಯದಿರುವಾಗ ಯಾವುದಾದರೊಂದು ಕಾರಣವನ್ನು ಹಿಡಿದುಕೊಳ್ಳುವ ಆತುರ ಮನಸ್ಸಿಗೂ ಒಂದು ತುರಿಕೆಯೇ. ಅದನ್ನು ತುರಿಸದೆ ಇರುವುದೇ ಅಕ್ಕಮಹಾದೇವಿಯವರು ಬಯಸಿದ ಸಮಾಧಾನ.

ಎರಡನೆಯ ಪರಿಶೀಲನೆ ನಾಡಿದ್ದು ನಡೆಯಲಿದೆ. ಅದು ಏನನ್ನೇ ಹೇಳಲಿ, ಶಿಕ್ಷಕರು ಅದನ್ನು ಪ್ರಸಾದವೆಂದು ಸ್ವೀಕರಿಸಲು ಸಿದ್ಧರಾಗಿದ್ದಾರೆ.