ಯಾರೂ ಬಾರದ ದಿನದ ಲೆಕ್ಕ

ಬೆಸಗರಹಳ್ಳಿಯ ನಮ್ಮ ಮನೆಯಲ್ಲಿ ಕಬ್ಬು ಕಡಿಯುವವರ ಕೂಲಿ ಲೆಕ್ಕದ ಪುಸ್ತಕವೊಂದಿತ್ತು. ಪ್ರತಿ ಪುಟದ ತಲೆಯಲ್ಲಿ ಅಂದು ಬಂದ ಆಳುಗಳ ಎಣಿಕೆ. ಕೆಳಗೆ ಅಷ್ಟು ಜನರ ಕೂಲಿ. ಎಂಜಿನಿಯರಿಂಗ್ ಓದುವಾಗ ಅದನ್ನೇ ಸಿ ಭಾಷೆಗೆ ಇಳಿಸಿದೆ. ಪುಟಕ್ಕೊಂದು ಸ್ಟ್ರಕ್ಚರ್, ಮೊದಲು ಎಣಿಕೆ, ಕೊನೆಯಲ್ಲಿ ಉದ್ದ ಹೇಳದ ಅರೇ. ಸಿ ಭಾಷೆಯ 1999ರ ನಿಯಮಾವಳಿ ಇದಕ್ಕೆ ಅವಕಾಶ ಕೊಟ್ಟಿದೆ.

ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸಿ ಒಳಗೆ ಇಣುಕುವ ಸಾಧನವೇ ಡೀಬಗರ್. ಜಿಡಿಬಿ ಎಂಬ ಡೀಬಗರಿಗೆ 2009ರಿಂದ ಪೈಥಾನಿನಲ್ಲಿ ಸ್ಕ್ರಿಪ್ಟ್ ಬರೆಯಬಹುದು. ನಾನೂ ಬರೆದೆ. ಆದರೆ ಸ್ಟ್ರಕ್ಚರಿನ ಅಳತೆ ಕೇಳಿದರೆ ಕೂಲಿಯ ಸಾಲು ಅದರಲ್ಲಿ ಸೇರಿರಲೇ ಇಲ್ಲ. ಪರೀಕ್ಷೆಗೆ ಆರಿಸಿದ ಪುಟಗಳಲ್ಲೆಲ್ಲ ಮೂವರೇ ಇದ್ದರು. ಉದ್ದ ಮೂರು ಎಂದೇ ಬರೆದುಬಿಟ್ಟೆ. ಉತ್ತರ ಸರಿ ಬಂತು. ಹಿಗ್ಗಿನಿಂದ ಅಪ್ಪನಿಗೆ ತೋರಿಸಿದೆ.

“ಮಳೆ ಹಿಡ್ಕಂಡು ಯಾರೂ ಬರ್ದೆ ಇದ್ದ ದಿನದ್ದು ನೋಡಿದ್ಯೇನ್ಲಾ?” ಎಂದರು.

ನೋಡಿದೆ. ಎಣಿಕೆ ಸೊನ್ನೆಯಿದ್ದ ಪುಟದಲ್ಲೂ ಮೂರು ಕೂಲಿ! ಪಕ್ಕದ ಮೆಮೊರಿಯಲ್ಲಿ ಬಿದ್ದಿದ್ದ ಯಾವುದೋ ಅಂಕಿಗಳವು. ಐವರು ದುಡಿದ ದಿನ ಕೊನೆಯ ಇಬ್ಬರ ಕೂಲಿಯೇ ಮಾಯ. ಡೀಬಗರಿನ ತಪ್ಪೇನೂ ಇರಲಿಲ್ಲ. ಸಾಲಿನ ಉದ್ದ ಅದಕ್ಕೆ ಗೊತ್ತಾಗುವಂತಿರಲಿಲ್ಲ, ನಾನು ಸುಳ್ಳು ಹೇಳಿದ್ದೆ. ಎಣಿಕೆಯನ್ನು ಆಯಾ ಸ್ಟ್ರಕ್ಚರಿನಿಂದಲೇ ಓದಿ ಅಷ್ಟೇ ಮನೆ ನಡೆಯುವಂತೆ ತಿದ್ದಿದೆ.

ಅಂದಿನಿಂದ ಯಾವ ಪರೀಕ್ಷೆಗೂ ಸೊನ್ನೆ, ಒಂದು, ಹಲವು ಈ ಮೂರನ್ನೂ ಕೊಡುತ್ತೇನೆ. ಮಕ್ಕಳ ಪ್ರೋಗ್ರಾಂ ನಮಗೇನು ತಿಳಿದೀತು ಎಂದು ತಾಯ್ತಂದೆಯರು ಹಿಂಜರಿಯಬೇಕಿಲ್ಲ. ಅಪ್ಪನಿಗೆ ಸಿ ಭಾಷೆ ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು.