ದಪ್ಪ ದನಿಗೊಂದು ಪುಟ್ಟ ಪೆಟ್ಟಿಗೆ

ಮೊನ್ನೆ ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದವರು ನಮ್ಮ ನಡುಮನೆಯ ಮೂಲೆಯಲ್ಲಿದ್ದ ಕಪ್ಪು ಪೆಟ್ಟಿಗೆ ನೋಡಿ, "ಇದೇನ್ರೀ, ಹೊಸ ಓವನ್ನಾ?" ಅಂದರು. ನನಗೆ ನಗು ಬಂತು. "ಓವನ್ ಅಲ್ಲಾರೀ, ಮಗನ ಬಾಸ್ ಗಿಟಾರಿನ ಆಂಪ್ಲಿಫೈಯರು" ಎಂದೆ. "ಅಯ್ಯೋ, ಮನೇಲಿ ವಯಸ್ಸಾದೋರನ್ನ ಇಟ್ಕೊಂಡು ಅದನ್ಯಾಕ್ರೀ ತಂದ್ರಿ?" ಎಂದು ಬಾಯ ಮೇಲೆ ಕೈಯಿಟ್ಟುಕೊಂಡರು. ಬಟ್ಟಲಿಗೆ ಮೊಸರು ಹಾಕಿಕೊಡುವಷ್ಟರಲ್ಲಿ ಹೇಳಿ ಮುಗಿಸುವ ಕಥೆ ಅಲ್ಲ ಅದು. ನಿಮಗಾದರೂ ಪೂರ್ತಿ ಹೇಳುತ್ತೇನೆ. ಇವತ್ತಲ್ಲ ನಾಳೆ ನಿಮ್ಮ ಮನೆಯಲ್ಲೂ ಇಂಥ ಬೇಡಿಕೆ ಬಂದೀತು.

ಹೋದ ವರ್ಷ ನಮ್ಮ ಹುಡುಗ ಎರಡನೇ ಪಿಯುಸಿಯಲ್ಲಿ ಎರಡು ವಿಷಯದಲ್ಲಿ ಹೋದ. ನಾವೇನೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಅವತ್ತಿನಿಂದ ಅವನ ಮಾತು ನಿಂತೇ ಹೋಯಿತು. ಊಟಕ್ಕೆ ಕರೆದರೆ ಬರುವುದು, ತಲೆ ತಗ್ಗಿಸಿ ತಿನ್ನುವುದು, ಕೋಣೆ ಸೇರುವುದು. ಒಂದು ಕಾಲಕ್ಕೆ ವಟವಟ ಮಾತಾಡಿ ತಲೆ ಚಿಟ್ಟು ಹಿಡಿಸುತ್ತಿದ್ದ ಮಗ ಹೀಗಾದರೆ ಹೆತ್ತವಳಿಗೆ ಹೇಗಿರುತ್ತೆ, ನೀವೇ ಹೇಳಿ.

ಅದೇ ಸಮಯಕ್ಕೆ, ಗಣಪತಿ ಹಬ್ಬದಲ್ಲಿ ಆರ್ಕೆಸ್ಟ್ರಾಗಳಿಗೆ ನುಡಿಸುತ್ತಿದ್ದ ಪರಿಚಯದವರೊಬ್ಬರು ಕೆಲಸಕ್ಕೆಂದು ಹೊರದೇಶಕ್ಕೆ ಹೊರಟರು. ಹೋಗುವಾಗ ತಮ್ಮ ಹಳೇ ಬಾಸ್ ಗಿಟಾರನ್ನು ಇವನ ಕೈಗೆ ಕೊಟ್ಟು, "ಇಟ್ಕೋಪ್ಪಾ, ಸುಮ್ಮನೆ ಮೂಲೇಲಿ ಧೂಳು ಹಿಡಿಯೋದು ಬೇಡ" ಅಂದರು. ತಿಂಗಳ ಮೇಲೆ ಮಗನ ಮುಖದಲ್ಲಿ ಒಂದಿಷ್ಟು ಬೆಳಕು ಕಂಡೆ.

ಬಾಸ್ ಗಿಟಾರು ಅಂದರೆ ನನಗೂ ಆಗ ತಿಳಿದಿರಲಿಲ್ಲ. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ನಾಲ್ಕೇ. ಆದರೆ ದಪ್ಪ ದಪ್ಪ. ಮೊದಲೆಲ್ಲ ಈ ಕೆಲಸಕ್ಕೆ ಆಳೆತ್ತರದ ಡಬಲ್ ಬಾಸ್ ಎಂಬ ವಾದ್ಯ ಬೇಕಿತ್ತಂತೆ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಕಂಪನಿ ಹೆಗಲಿಗೆ ನೇತುಹಾಕಿಕೊಳ್ಳುವಂಥ ವಿದ್ಯುತ್ ಬಾಸ್ ಗಿಟಾರನ್ನು ಮಾರಾಟಕ್ಕೆ ತಂದಿತು. ಹಾಡಿನಲ್ಲಿ ಇದರ ಪಾತ್ರವೇನು ಅಂತೀರಾ? ಸಾರಿಗೆ ಉಪ್ಪಿದ್ದ ಹಾಗೆ. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದಾಗ ಎಲ್ಲರಿಗೂ ಗೊತ್ತಾಗುತ್ತದೆ. 1981ರ ಶಂಕರ್ ನಾಗ್ ಅವರ 'ಗೀತಾ' ಚಿತ್ರದ ಹಾಡುಗಳನ್ನು ಈಗೊಮ್ಮೆ ಕೇಳಿ ನೋಡಿ. ಇಳಯರಾಜಾ ಅವರ ಸಂಗೀತ. ಹಾಡುವವರ ದನಿಯ ಕೆಳಗೆ ಇನ್ನೊಂದು ದಪ್ಪ ದನಿ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅದೇ ಬಾಸು. ಎಷ್ಟೋ ವರ್ಷ ಕೇಳಿದ ಹಾಡು, ಮಗ ತೋರಿಸುವ ತನಕ ನನ್ನ ಕಿವಿಗೆ ಬಿದ್ದಿರಲಿಲ್ಲ.

ತೊಂದರೆ ಏನೆಂದರೆ, ಈ ವಾದ್ಯ ಒಂದೇ ನುಡಿದರೆ ಸೊಳ್ಳೆಯಷ್ಟೂ ಸದ್ದಿಲ್ಲ. ದನಿ ಹೊರಡಿಸಲು ಆಂಪ್ಲಿಫೈಯರ್ ಬೇಕೇ ಬೇಕು. ಇವನು ಏನು ಮಾಡಿದ? ನಮ್ಮ ಮದುವೆಯ ಹೊಸತರಲ್ಲಿ ಇವರು ಕೊಂಡ ಮ್ಯೂಸಿಕ್ ಸಿಸ್ಟಮ್ಮಿಗೆ ವೈರು ಸಿಕ್ಕಿಸಿದ. ಎರಡು ದಿನ ಗುಂಯ್ ಅಂತು, ಮೂರನೇ ದಿನ ಬರ್ರ್ ಅಂತು. ನಾಲ್ಕನೇ ದಿನ ನೋಡಿದರೆ ಸ್ಪೀಕರಿನ ಒಳಗಿನ ಕಾಗದ ಹಪ್ಪಳದ ಹಾಗೆ ಹರಿದಿದೆ! ಬಾಸಿನ ತೀರಾ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳ ತಂತಿ ಇದರ ಎರಡರಷ್ಟು, ಅಂದರೆ 82 ಸಲ. ದನಿ ಕೆಳಗಿಳಿದಷ್ಟೂ ಸ್ಪೀಕರು ಹೆಚ್ಚು ಗಾಳಿಯನ್ನು ತಳ್ಳಬೇಕು, ಹೆಚ್ಚು ಹಿಂದೆ ಮುಂದೆ ಆಡಬೇಕು. ಆ ಕೆಲಸಕ್ಕೆಂದೇ ಮಾಡದ ಸ್ಪೀಕರು ತಡೆಯುವುದಿಲ್ಲ.

ಇವರಿಗೆ ಸಿಟ್ಟು ಬಂತು. "ನೋಡೇ, ಮರುಪರೀಕ್ಷೆ ಮುಗಿಯೋ ತನಕ ಅದನ್ನ ಅಟ್ಟಕ್ಕೆ ಹಾಕು" ಅಂದರು. ನಾನೇ ಮಧ್ಯೆ ಬಿದ್ದು ಸಂಧಾನ ಮಾಡಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಗಿಟಾರಿಗೇ ಸಿಕ್ಕಿಸುವ ಹೆಡ್‌ಫೋನ್ ಆಂಪ್ಲಿಫೈಯರ್ ಸಿಗುತ್ತದೆ. ಸಣ್ಣ ಸೆಲ್ಲಿನಲ್ಲಿ ನಡೆಯುತ್ತದೆ, ಬೆಲೆಯೂ ಕಡಿಮೆ. ತರಿಸಿಕೊಟ್ಟೆ. ಮನೆ ತಣ್ಣಗಾಯಿತು. ಅತ್ತೆಯವರ ನಿದ್ದೆಗೆ ಭಂಗವಿಲ್ಲ, ಗೋಡೆಯಾಚೆಯ ಮನೆಯವರಿಂದ ದೂರಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆದರೆ ಹದಿನೈದು ದಿನದಲ್ಲಿ ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಮೊದಲೇ ಮಾತು ಬಿಟ್ಟ ಹುಡುಗ, ಈಗ ಕಿವಿಯನ್ನೂ ಮುಚ್ಚಿಕೊಂಡು ಕೂತ. ಊಟಕ್ಕೆ ಮೂರು ಸಲ ಕೂಗಬೇಕು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿದೆ. ಕತ್ತಲಲ್ಲಿ ಒಬ್ಬನೇ ಕೂತು ಬೆರಳಾಡಿಸುತ್ತಿದ್ದಾನೆ. ಅವನ ಮನಸ್ಸಿನಲ್ಲಿ ಏನಿದೆಯೋ, ಒಂದು ಹನಿಯೂ ಹೊರಗೆ ಕೇಳುತ್ತಿಲ್ಲ. ಅವತ್ತೇ ನಿರ್ಧಾರ ಮಾಡಿದೆ, ಏನಾದರಾಗಲಿ, ಇವನ ಸದ್ದು ಈ ಮನೆಗೆ ಕೇಳಬೇಕು. ಗ್ರೈಂಡರಿಗೆಂದು ಎತ್ತಿಟ್ಟ ಚೀಟಿ ದುಡ್ಡು ಇತ್ತು. ಇವರಿಗೆ ಕಾಫಿ ಕೊಟ್ಟು, ಸಮಯ ನೋಡಿ ವಿಷಯ ತೆಗೆದೆ. ಇವರು ಲೋಟ ಕೆಳಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಆಯ್ತು, ನೀನೇ ಹೋಗಿ ನೋಡಿ ತಾ" ಅಂದರು. ತಿಪಟೂರಿನಿಂದ ಬೆಳಗಿನ ರೈಲು ಹತ್ತಿ ತಾಯಿ ಮಗ ಬೆಂಗಳೂರಿಗೆ ಹೋದೆವು.

ಅಲ್ಲಿ ಮೂರು ಅಂಗಡಿ ಸುತ್ತಿ ಕಲಿತದ್ದನ್ನು ನಿಮಗೂ ಹೇಳಿಬಿಡುತ್ತೇನೆ.

ಮೊದಲನೆಯದು, ಗಿಟಾರ್ ಆಂಪ್ಲಿಫೈಯರ್ ಬೇರೆ, ಬಾಸ್ ಆಂಪ್ಲಿಫೈಯರ್ ಬೇರೆ. ಒಂದು ಅಂಗಡಿಯಲ್ಲಿ "ಎಲ್ಲಾ ಒಂದೇ ಮೇಡಂ" ಎಂದು ಮಾಮೂಲಿ ಗಿಟಾರಿನದನ್ನೇ ದಾಟಿಸಲು ನೋಡಿದರು. ಮ್ಯೂಸಿಕ್ ಸಿಸ್ಟಮ್ ಕೊಟ್ಟ ಪಾಠ ನೆನಪಿತ್ತು, ನಾನು ಜಗ್ಗಲಿಲ್ಲ.

ಎರಡನೆಯದು, ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. ಹತ್ತು ವ್ಯಾಟಿಗಿಂತ ಇಪ್ಪತ್ತು ವ್ಯಾಟು ಎರಡರಷ್ಟು ಜೋರಲ್ಲ, ತುಸು ಹೆಚ್ಚು ಅಷ್ಟೆ. ಕಿವಿಗೆ ಎರಡರಷ್ಟು ಜೋರೆನಿಸಲು ಹತ್ತರಷ್ಟು ವ್ಯಾಟ್ ಬೇಕು. ಮನೆಯ ಅಭ್ಯಾಸಕ್ಕೆ 15ರಿಂದ 25 ವ್ಯಾಟ್ ಧಾರಾಳ. ಡ್ರಮ್ಮಿನವರ ಜೊತೆ ನುಡಿಸಲು ಮಾತ್ರ ಇದು ಸಾಲದು. ಆ ಮಾತು ಆಮೇಲಿನದು.

ಮೂರನೆಯದು, ಸ್ಪೀಕರಿನ ಅಗಲ. ಬ್ಲಾಕ್‌ಸ್ಟಾರ್ ಫ್ಲೈ ಎಂಬ ಹೆಸರಿನ 3 ವ್ಯಾಟಿನ ಪುಟ್ಟ ಪೆಟ್ಟಿಗೆಯಲ್ಲಿ ಬಾಸಿಗೆಂದೇ ಮಾಡಿದ್ದೂ ಇದೆ. ಸೆಲ್ಲಿನಲ್ಲಿ ನಡೆಯುತ್ತದೆ, ಕರೆಂಟು ಹೋಗುವ ನಮ್ಮಂಥ ಊರಿಗೆ ಅನುಕೂಲ, ಬ್ಯಾಗಿನಲ್ಲೇ ಹಿಡಿಸುತ್ತದೆ. ಆದರೆ ಅಷ್ಟು ಚಿಕ್ಕ ಸ್ಪೀಕರು ತೀರಾ ಕೆಳಗಿನ ದನಿಯನ್ನು ನಿಜವಾಗಿ ಹೊರಡಿಸಲಾರದು. ಮೇಲಿನ ಸ್ವರಗಳನ್ನು ಕೇಳಿ ಕೆಳಗಿನದನ್ನು ನಮ್ಮ ಕಿವಿಯೇ ಊಹಿಸಿಕೊಳ್ಳುತ್ತದೆ. ಒಗ್ಗರಣೆ ವಾಸನೆಯಿಂದಲೇ ಸಾರು ಉಂಡಂತೆ! ಓಡಾಟವೇ ಮುಖ್ಯವಾದರೆ ಅದನ್ನು ಕೊಳ್ಳಿ. ಮನೆಯಲ್ಲೇ ನುಡಿಸುವುದಾದರೆ ಎಂಟು ಇಂಚಿನ ಸ್ಪೀಕರಿರುವುದು ಮೇಲು. ನಾವು ತಂದದ್ದು ಅಂಥದು. ಹತ್ತು ಕಿಲೋ ಅಕ್ಕಿ ಚೀಲದಷ್ಟು ಭಾರ, ಮಗ ಒಂದೇ ಕೈಯಲ್ಲಿ ಎತ್ತುತ್ತಾನೆ.

ನಾಲ್ಕನೆಯದು, ಹೆಡ್‌ಫೋನಿಗೆ ಒಂದು ತೂತು, ಮೊಬೈಲಿನ ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಇನ್ನೊಂದು ತೂತು ಇರಲೇಬೇಕು. ಉಳಿದ ಬಣ್ಣ ಬಣ್ಣದ ಗುಂಡಿಗಳಿಗೆ ದುಡ್ಡು ಸುರಿಯಬೇಡಿ.

ಐದನೆಯದು, ಅಮೆರಿಕದಿಂದ ಬರುವ ಬಂಧುಗಳ ಕೈಲಿ ತರಿಸುವವರು ಹುಷಾರು. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಹಿಂಬದಿಯಲ್ಲಿ ಏನು ಬರೆದಿದೆ ಎಂದು ನೋಡದೆ ಸಿಕ್ಕಿಸಿದರೆ ಸುಟ್ಟೇ ಹೋದೀತು. ಮೂರು ಪಿನ್ನಿನ ಪ್ಲಗ್ಗನ್ನು ಅರ್ತಿಂಗ್ ಸರಿಯಿರುವ ಕಡೆಯೇ ಹಾಕಿ. ತಂತಿ ಮುಟ್ಟಿದಾಗ ಜುಮ್ಮೆಂದರೆ ಮೊದಲು ಎಲೆಕ್ಟ್ರೀಷಿಯನ್ನನ್ನು ಕರೆಸಿ, ಆಮೇಲೆ ಸಂಗೀತ.

ಮನೆಗೆ ತಂದ ಮೇಲೂ ಒಂದು ಪಾಠ ಬಾಕಿಯಿತ್ತು. ಗೋಡೆ ಮೂಲೆಗೆ ತಳ್ಳಿ ಇಟ್ಟರೆ ದಪ್ಪ ದನಿ ಇನ್ನೂ ಉಬ್ಬುತ್ತದೆ. ಗೋಡೆಯಾಚೆಯವರ ಪಾತ್ರೆ ಸ್ಟ್ಯಾಂಡೂ ಗಲಗಲ ಅಂತು! ಗೋಡೆಯಿಂದ ದೂರ ಎಳೆದು, ಸ್ಟೂಲಿನ ಮೇಲೆ ಹಳೇ ಕಂಬಳಿ ಮಡಿಸಿ ಹಾಸಿ ಇಟ್ಟೆವು. ನೆಲಕ್ಕೆ ನಡುಕ ಇಳಿಯುವುದು ಕಡಿಮೆಯಾಯಿತು, ದನಿ ನೇರ ಕಿವಿಗೇ ಬರುವುದರಿಂದ ಅವನೂ ಸಣ್ಣಗೇ ಇಟ್ಟು ನುಡಿಸುತ್ತಾನೆ. ಸಂಜೆ ಆರರಿಂದ ಏಳು ಅವನ ಹೊತ್ತು. ಅಭ್ಯಾಸವಿಲ್ಲದಾಗ ಮಾತ್ರ ಪೆಟ್ಟಿಗೆ ಮೂಲೆ ಸೇರುತ್ತದೆ.

ಇನ್ನು ಅತ್ತೆಯವರ ವಿಷಯ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ನಾನು ಕಿರುಚಿ ಹೇಳಿದರೂ "ಆಂ?" ಅನ್ನುತ್ತಾರೆ. ಅವರಿಗೆ ಹೇಗಪ್ಪಾ ಎಂದು ನಾನು ಹೆದರಿಕೊಂಡೇ ಇದ್ದೆ. ಮೊದಲ ಸಂಜೆ ಇವನು ಮೆಲ್ಲಗೆ ನುಡಿಸಲು ಶುರು ಮಾಡಿದ್ದೇ ತಡ, ಮಂಚದ ಮೇಲೆ ಮಲಗಿದ್ದವರು ಎದ್ದು ಕೂತರು. ಬೈಯುತ್ತಾರೆಂದುಕೊಂಡೆ. ಅವರು ಮಂಚದ ಚೌಕಟ್ಟಿನ ಮೇಲೆ ಅಂಗೈ ಊರಿ, "ಯಾರೇ ರಾಗಿ ಬೀಸ್ತಿರೋದು?" ಅಂದರು!

ಕಿವಿ ಡಾಕ್ಟರು ಹಿಂದೆಯೇ ಹೇಳಿದ್ದರು, ವಯಸ್ಸಾದವರಿಗೆ ಮೊದಲು ಕೈಕೊಡುವುದು ತೆಳುವಾದ ಮೇಲಿನ ದನಿಗಳು, ದಪ್ಪ ದನಿ ಬಹಳ ಕಾಲ ಉಳಿದಿರುತ್ತದೆ ಎಂದು. ಅದು ನನ್ನ ಮನಸ್ಸಿಗೆ ಹೋಗಿರಲಿಲ್ಲ. ನನ್ನ ಕೂಗು ಮುಟ್ಟದ ಕಡೆಗೆ ಮೊಮ್ಮಗನ ತಂತಿ ಮುಟ್ಟಿತ್ತು. ಅತ್ತೆಯವರ ತಾಯಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರಂತೆ. ಆ ಗುರುಗುರು ಸದ್ದಿಗೆ ಇವರು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ನಿದ್ದೆ ಹೋಗುತ್ತಿದ್ದರಂತೆ. ಅಷ್ಟು ವರ್ಷ ಸೊಸೆಯಾಗಿದ್ದರೂ ನನಗೆ ಈ ಮಾತು ಹೇಳಿರಲಿಲ್ಲ.

"ಅಜ್ಜಿ, ಆ ಹಾಡು ಹೇಗಿತ್ತು?" ಎಂದು ಮಗ ಕೇಳಿದ. ಎಷ್ಟೋ ತಿಂಗಳ ಮೇಲೆ ಅವನು ತಾನಾಗಿ ಕೇಳಿದ ಪ್ರಶ್ನೆ ಅದು. ನಾನು ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಎಲ್ಲವೂ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಎರಡರಲ್ಲಿ ಒಂದು ವಿಷಯ ಪಾಸಾಗಿದೆ, ಇನ್ನೊಂದು ಬಾಕಿ ಇದೆ. ಇವರು ಈಗಲೂ ಆ ಪೆಟ್ಟಿಗೆ ನೋಡಿದಾಗೆಲ್ಲ ಹುಬ್ಬು ಗಂಟಿಕ್ಕುತ್ತಾರೆ. ಇಡ್ಲಿ ಹಿಟ್ಟನ್ನು ನಾನು ಈಗಲೂ ಹಳೇ ಮಿಕ್ಸಿಯಲ್ಲೇ ನಾಲ್ಕು ಸರ್ತಿ ರುಬ್ಬುತ್ತೇನೆ. ಆದರೆ ಮೊನ್ನೆ ಸಂಜೆ ಕರೆಂಟು ಹೋಗಿ, ಆರು ದಾಟಿ ಆರೂವರೆಯಾದರೂ ಮನೆಯಲ್ಲಿ ಸದ್ದಿಲ್ಲ. ಅತ್ತೆಯವರು ಮಂಚದ ಮೇಲೆ ಅಂಗೈ ಊರಿಕೊಂಡೇ ಕೂತಿದ್ದರು. ಸ್ವಲ್ಪ ಹೊತ್ತು ಕಾದು, "ಏನಪ್ಪಾ, ಇವತ್ತು ರಾಗಿ ಮುಗೀತಾ?" ಎಂದು ಕೋಣೆಯ ಕಡೆ ಕೂಗಿದರು.

ಒಳಗಿನಿಂದ ನಗು ಕೇಳಿಸಿತು.