ನಾಳೆ ಬಾ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಬಾಗಿಲಿನ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆಂಬ ನಂಬಿಕೆ. ನಾನು ಇಂದಿಗೂ ಅದನ್ನೇ ಬರೆಯುತ್ತಿದ್ದೇನೆ. ಬಾಗಿಲಿಗಲ್ಲ, ಕೆಲಸಗಳಿಗೆ!

ಕಳೆದ ತಿಂಗಳು ಏಳನೇ ತರಗತಿಯ ಪತ್ರಲೇಖನದ ಪುಸ್ತಕಗಳು ಮೇಜಿನ ಮೇಲೆ ಕಾದಿದ್ದವು. ತಿದ್ದುವುದನ್ನು ಬಿಟ್ಟು, ರಜೆಯಲ್ಲಿ ಊರಿನಿಂದ ಬರ್ ದುಬೈಗೆ ತಂದಿದ್ದ ನನ್ನ ಬಾಲ್ಯದ ಪೆಟ್ಟಿಗೆಯನ್ನು ಖಾಲಿ ಮಾಡಲು ಕುಳಿತೆ. ಗೋಲಿಗಳು, ತುಕ್ಕು ಹಿಡಿದ ಕಂಪಾಸ್ ಡಬ್ಬಿ, ನವಿಲುಗರಿ. ಯಾವುದನ್ನೂ ಎಸೆಯಲು ಮನಸ್ಸು ಬರಲಿಲ್ಲ. ತಳದಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಪತ್ರ. "ಪ್ರೀತಿಯ ಅಜ್ಜಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ." ಅಷ್ಟೇ. ಉಳಿದದ್ದನ್ನು ನಾಳೆ ಬರೆದರಾಯಿತೆಂದು ಎತ್ತಿಟ್ಟಿದ್ದೆ. ಆ ವರ್ಷದ ದೀಪಾವಳಿಗೆ ಅಜ್ಜಿ ಇರಲಿಲ್ಲ.

ಗೋಲಿಗಳನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟೆ. ಪತ್ರವನ್ನು ಮಾತ್ರ ಇಟ್ಟುಕೊಂಡು ಪುಸ್ತಕಗಳ ಮುಂದೆ ಕುಳಿತೆ. ಮೊದಲ ಪುಟದಲ್ಲೇ "ಅಜ್ಜಿಗೊಂದು ಪತ್ರ"! ಅಂದು ರಾತ್ರಿಯೇ ಎಲ್ಲವನ್ನೂ ತಿದ್ದಿ ಮುಗಿಸಿದೆ.

ಮಕ್ಕಳೇ, ನಿಮ್ಮ ಪತ್ರಗಳಿಗೆ ಅಂಕ ಕೊಟ್ಟಿದ್ದೇನೆ. ಈಗ ಅವನ್ನು ಅಜ್ಜಿಗೂ ಕಳುಹಿಸಿ. ಅಂಚೆ ಕಚೇರಿ ಇಲ್ಲೇ ಕರಾಮಾದಲ್ಲಿದೆ.